ಕಾರಿನ ವಿಮೆ ಮತ್ತು ನಮ್ಮೂರ ಏಜೆಂಟರು

ಬರುವ ಸೋಮವಾರ ನಮ್ಮ ಕಾರಿನ ವಿಮೆಯ ಅವಧಿ ಮುಗಿಯುತ್ತದೆ. ಮೊಬೈಲಿನಲ್ಲಿ ದೊಡ್ಡ ಕಂಪನಿಯೊಂದರ ದರವಿದೆ. ಮೇಜಿನ ಮೇಲೆ, ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಏಜೆಂಟರು ಹಳೆಯ ಪಾಲಿಸಿಯ ಹಿಂಬದಿಗೆ ನೀಲಿ ಪೆನ್ನಿನಲ್ಲಿ ಬರೆದುಕೊಟ್ಟ ಲೆಕ್ಕವಿದೆ, ಅದು ಒಂದೂವರೆ ಸಾವಿರ ರೂಪಾಯಿ ಹೆಚ್ಚು. 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯವಾಗಿರುವ ಥರ್ಡ್ ಪಾರ್ಟಿ ವಿಮೆಯ (ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಯ ವಿಮೆ) ಕಂತನ್ನು ಸರ್ಕಾರವೇ ನಿಗದಿಪಡಿಸುವುದರಿಂದ, ಚೌಕಾಸಿಗೆ ಉಳಿಯುವುದು ನಮ್ಮದೇ ವಾಹನದ ಹಾನಿಗೆ ಸಂಬಂಧಿಸಿದ ಭಾಗ ಮಾತ್ರ. ಕಂಪನಿ ಬದಲಿಸಿದರೂ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ನಮ್ಮೊಂದಿಗೇ ಬರುತ್ತದೆ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಅದು ಹೋಗುತ್ತದೆ.

ಇಷ್ಟೆಲ್ಲ ತಿಳಿದೂ ಮನಸ್ಸು ಏಜೆಂಟರ ಕಡೆಗೇ ವಾಲುತ್ತಿದೆ. ಮೂರು ವರ್ಷದ ಹಿಂದೆ ಅಣ್ಣಿಗೇರಿಯ ಬಳಿ ಹತ್ತಿ ಹೇರಿದ್ದ ಟ್ರ್ಯಾಕ್ಟರಿನ ಟ್ರೇಲರು ನಮ್ಮ ಕಾರಿನ ಎಡಬಾಗಿಲನ್ನು ಉಜ್ಜಿಕೊಂಡು ಹೋದಾಗ, ಅವರು ಗೋಕುಲ ರಸ್ತೆಯ ಗ್ಯಾರೇಜಿಗೆ ತಾವೇ ಬಂದು, ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಫೋಟೊ ತೆಗೆಯುವವರೆಗೆ ಬಾಗಿಲು ಬಿಚ್ಚಲು ಬಿಡದೆ ಕಾದು ಕುಳಿತಿದ್ದರು. (ಚಹಾದ ದುಡ್ಡನ್ನೂ ನನಗೆ ಕೊಡಗೊಡಲಿಲ್ಲ.) ಅವರು ಮಾರುವುದೂ ದೇಶದಾದ್ಯಂತ ಇರುವ ಕಂಪನಿಯ ಪಾಲಿಸಿಯನ್ನೇ ಎಂಬುದು ಬೇರೆ ಮಾತು. ಮೊಬೈಲಿನಲ್ಲಿ ದರ ತೋರಿಸಿದ ಕಂಪನಿಯ ನಗದುರಹಿತ ರಿಪೇರಿಯ (ಬಿಲ್ಲನ್ನು ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಕೊಡುವ ವ್ಯವಸ್ಥೆ) ಪಟ್ಟಿಯಲ್ಲಿ ಅದೇ ಗ್ಯಾರೇಜು ಇದೆಯೇ ಎಂದು ನಾಳೆ ನೋಡಬೇಕು. ಇದ್ದರೂ ನಾನು ಫೋನು ಮಾಡುವುದು ಬಹುಶಃ ಅವರಿಗೇ.