ಒಂದೇ ಗೋಲಿನ ಗೆಲುವಿಗೆ ಇಷ್ಟೆಲ್ಲ ಮಾತು ಎಂತಕ್ಕೆ?

ಸ್ಟಾಫ್ ರೂಮಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಬದಿಯಡ್ಕಕ್ಕೆ ಹೋಗುವ ಬಸ್ಸಿನಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ. "ಟೀಚರ್, ನಿಮ್ಮ ಕಾಲೇಜಿನ ಹುಡುಗಿಯರು ಹಾಕಿಯಲ್ಲಿ ಗೆದ್ದದ್ದು ಒಂದು ಗೋಲಿನಲ್ಲಿ. ಅದನ್ನು ವಾರಗಟ್ಟಲೆ ಮಾತಾಡ್ಲಿಕ್ಕೆ ಎಂತ ಉಂಟು?" ಕೇಳುವವರಲ್ಲಿ ಕುಹಕ ಇಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗುವುದಿಲ್ಲ. ಐದು ಗೋಲಿನಿಂದ ಗೆದ್ದರೆ ಮಾತಾಡಬಹುದು, ಎರಡು-ಒಂದು ಅಂದರೆ ಹೇಗೋ ಬಚಾವಾದದ್ದು ಎಂಬ ಲೆಕ್ಕ ಅವರದ್ದು. ನಿಂತಲ್ಲೇ ಉತ್ತರ ಹೇಳಲಿಕ್ಕೆ ಹೋದರೆ ನನ್ನ ಬಸ್ಸು ತಪ್ಪುತ್ತದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಂದ್ಯದ ವಿಷಯ. ನಮ್ಮದು ಕಾಸರಗೋಡಿನ ಕಾಲೇಜು, ಪಂದ್ಯ ಇದ್ದದ್ದು ಕಣ್ಣೂರಿನ ಕಡೆಯ ಕಾಲೇಜೊಂದರ ಮೈದಾನದಲ್ಲಿ. ಅದೇ ಕಾಲೇಜೇ ಎದುರಾಳಿ. ತಂಡದ ಜೊತೆ ಬೆಳಗ್ಗಿನ ಗಾಡಿಯಲ್ಲಿ ಹೋದವರು ನಾವು ಹನ್ನೆರಡು ಮಂದಿ. ನನ್ನ ಹಾಗೆ ಹಿಂದೆ ಆಡಿದವರು ಮೂವರು, ಈಗ ಓದುತ್ತಿರುವವರು ಏಳು, ಮತ್ತೆ ಒಬ್ಬ ಆಟೋ ಅಣ್ಣ, ಒಬ್ಬರು ನಿವೃತ್ತ ಪೋಸ್ಟ್‌ಮ್ಯಾನ್. ಅವರ ಕಡೆ ಇಡೀ ಕಾಲೇಜು ಗೋಡೆ ಹತ್ತಿ ಕೂತಿತ್ತು. ನಮ್ಮ ಹನ್ನೆರಡು ಮಂದಿಯ ಕೂಗು ನಮಗೇ ಕೇಳಿಸದ ಹಾಗಿತ್ತು.

ಮೈದಾನದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಮುಂದಿನ ಅರ್ಧ ಕಥೆ ಅಲ್ಲೇ ಉಂಟು. ನಮ್ಮ ಹುಡುಗಿಯರು ಅಭ್ಯಾಸ ಮಾಡುವುದು ಪದವಿನ ಮೇಲೆ. ಮುರಕಲ್ಲಿನ ಗಟ್ಟಿ ನೆಲ, ಮೇಲೆ ಕೆಂಪು ಹುಡಿ. ಅಲ್ಲಿ ಚೆಂಡು ಓಡುವುದಲ್ಲ, ಹಾರುತ್ತದೆ. ಯಾವ ಕಲ್ಲಿಗೆ ತಾಗಿ ಯಾವ ಕಡೆ ತಿರುಗುತ್ತದೆಂದು ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ವರ್ಷವೇ ಎಲ್ಲರಿಗೂ ಒಂದು ಅಭ್ಯಾಸ ಆಗಿಬಿಡುತ್ತದೆ: ಸೊಂಟ ಬಗ್ಗಿಸಿ, ಮೊಣಕಾಲು ಮಡಚಿ, ಸ್ಟಿಕ್ಕನ್ನು ನೆಲಕ್ಕೆ ಅಡ್ಡ ಮಲಗಿಸಿ ಚೆಂಡನ್ನು ತಡೆಯುವುದು. ನಿಂತು ತಡೆಯಲಿಕ್ಕೆ ಹೋದವಳ ಮೊಣಗಂಟು ಉಳಿಯುವುದಿಲ್ಲ. ಕಣ್ಣೂರಿನದ್ದು ಹುಲ್ಲಿನ ಮೈದಾನ, ಅದೂ ಹಿಂದಿನ ರಾತ್ರಿ ಮಳೆ ಕುಡಿದದ್ದು. ನಮ್ಮವರು ಎಂದಿನ ಅಂದಾಜಿನಲ್ಲಿ ಪುಶ್ ಮಾಡಿದ ಚೆಂಡು ಅರ್ಧ ದಾರಿಯಲ್ಲೇ ನಿಂತುಬಿಡುತ್ತಿತ್ತು. ಮೊದಲ ಹತ್ತು ನಿಮಿಷದಲ್ಲಿ ನಾವು ಕೊಟ್ಟ ಪಾಸುಗಳಲ್ಲಿ ಹೆಚ್ಚಿನವು ಅವರ ಸ್ಟಿಕ್ಕಿಗೇ ಹೋದವು. ಬೇರೆಯವರ ನೆಲದಲ್ಲಿ ಆಡುವುದು ಅಂದರೆ ಅದು. ಕೂಗಾಟದಿಂದ ಕಷ್ಟವಾಗುವುದಲ್ಲ, ಕೈಗೆ ಗೊತ್ತಿದ್ದ ಲೆಕ್ಕವೇ ತಪ್ಪಾಗುತ್ತದೆ.

ಆದರೂ ಮೊದಲ ಗೋಲು ನಮ್ಮದೇ. ಪೆನಾಲ್ಟಿ ಕಾರ್ನರ್, ಅದೆಂತದ್ದೆಂದು ಮುಂದೆ ಹೇಳುತ್ತೇನೆ. ಒದ್ದೆ ಹುಲ್ಲಿನಲ್ಲಿ ಡ್ರ್ಯಾಗ್ ಫ್ಲಿಕ್, ಅಂದರೆ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಎಸೆಯುವ ಹೊಡೆತ, ಬೇಡ ಎಂದು ಕ್ಯಾಪ್ಟನ್ ಆಗಲೇ ತೀರ್ಮಾನಿಸಿದ್ದಳು. ಚೆಂಡನ್ನು ನಿಲ್ಲಿಸಿ, ಹೊಡೆಯುವ ಹಾಗೆ ತೋರಿಸಿ, ಬದಿಗೆ ಜಾರಿಸಿದರು. ಬದಿಯಲ್ಲಿದ್ದವಳು ನೇರ ತಳ್ಳಿದಳು. ಗೋಲಿನ ಹಲಗೆಗೆ ಚೆಂಡು ಬಡಿದ ಸದ್ದು, ಆಮೇಲೆ ಮೈದಾನ ಪೂರ್ತಿ ಮೌನ. ಆ ಮೌನ ಕೇಳಲಿಕ್ಕಾಗಿಯೇ ನಾನು ದೂರದ ಪಂದ್ಯಗಳಿಗೆ ಹೋಗುತ್ತೇನೆ.

ಮೂರನೆಯ ಕ್ವಾರ್ಟರ್‌ನಲ್ಲಿ ಅವರು ಸಮ ಮಾಡಿದರು, ಮತ್ತು ಆ ಗೋಲಿನ ಬಗ್ಗೆ ನಾವು ಇಷ್ಟು ಮಾತಾಡಲಿಕ್ಕೆ ಕಾರಣ ಉಂಟು. ನಮ್ಮ ತಂಡದಲ್ಲಿ ಮನೆಯಲ್ಲಿ ತುಳು ಆಡುವವರು, ಹವ್ಯಕ ಕನ್ನಡದವರು, ಮಲೆಯಾಳದವರು, ಬ್ಯಾರಿ ಮಾತಿನವರು, ಕೊಂಕಣಿಯವರು ಎಲ್ಲರೂ ಇದ್ದಾರೆ. ಮೈದಾನದಲ್ಲಿ ಮಲೆಯಾಳದಲ್ಲಿ ಕೂಗಿದರೆ ಎದುರಾಳಿಗಳಿಗೆ ಗೊತ್ತಾಗುತ್ತದೆಂದು ಕಣ್ಣೂರಿನ ಕಡೆ ಹೋದಾಗ ತುಳು, ಕನ್ನಡದಲ್ಲೇ ಕೂಗುವುದು ಹಳೆಯ ಕ್ರಮ, ನಮ್ಮ ಕಾಲದಿಂದಲೂ. ಆ ದಿನ ಫುಲ್ ಬ್ಯಾಕ್ ಹುಡುಗಿ ಹಿಂದೆ ಬಾ ಎಂಬ ಅರ್ಥದಲ್ಲಿ ತುಳುವಿನಲ್ಲಿ "ಬಲ! ಬಲ!" ಎಂದು ಕೂಗಿದಳು. ಹಾಫ್‌ನಲ್ಲಿದ್ದವಳು ಕುಂಬಳೆಯ ಆಚೆಯ ಹವ್ಯಕರ ಮನೆಯವಳು, ಕಳೆದ ತಿಂಗಳಷ್ಟೇ ತಂಡಕ್ಕೆ ಬಂದವಳು. ಅವಳಿಗೆ ಬಲ ಅಂದರೆ ಬಲಬದಿ. ಅವಳು ಬಲಕ್ಕೆ ಓಡಿದಳು, ನಡುವೆ ದಾರಿ ತೆರೆಯಿತು, ಅವರ ಫಾರ್ವರ್ಡ್ ಆ ದಾರಿಯಲ್ಲಿ ಬಂದು ಗೋಲು ಹಾಕಿದಳು. ಇಬ್ಬರದೂ ತಪ್ಪಲ್ಲ. ಇಬ್ಬರೂ ತಮ್ಮ ಮನೆಯ ಮಾತನ್ನೇ ನಂಬಿದ್ದರು.

ಕ್ವಾರ್ಟರ್ ಮುಗಿದ ಮೇಲಿನ ಎರಡು ನಿಮಿಷದ ಬಿಡುವಿನಲ್ಲಿ ಕಂಡದ್ದನ್ನು ನಾನು ಮರೆಯುವುದಿಲ್ಲ. ಕ್ಯಾಪ್ಟನ್ ಇಬ್ಬರನ್ನೂ ಎದುರುಬದುರು ನಿಲ್ಲಿಸಿದಳು. ಬೈಗುಳ ಇಲ್ಲ. "ಇನ್ನು 'ಬಲ' ಅನ್ನುವ ಶಬ್ದವೇ ಬೇಡ. ಹಿಂದೆ ಬರ್ಲಿಕ್ಕೆ 'ಪಿರ', ಬಲಬದಿಗೆ 'ರೈಟ್'. ಸರಿಯಾ?" ಚೆರುವತ್ತೂರಿನ ಮಲೆಯಾಳಿ ಹುಡುಗಿ ನಮ್ಮ ಗೋಲ್‌ಕೀಪರ್. ಅವಳೂ ಪಿರ, ರೈಟ್, ಪಿರ, ರೈಟ್ ಎಂದು ಬಾಯಿಪಾಠ ಮಾಡುತ್ತಾ ಹೆಲ್ಮೆಟ್ ಹಾಕಿಕೊಂಡಳು.

ಎರಡನೆಯ ಗೋಲು ಚುರುಕುತನದ್ದು. ಎದುರಾಳಿಯ ಗೋಲಿನ ಕಡೆಯ 23 ಮೀಟರ್ ಗೆರೆಯ ಒಳಗೆ ಸಿಕ್ಕಿದ ಫ್ರೀ ಹಿಟ್ಟನ್ನು ನೇರ ಸರ್ಕಲ್ಲಿಗೆ, ಅಂದರೆ ಗೋಲಿನ ಎದುರಿನ ಅರ್ಧಚಂದ್ರದ ಗೆರೆಯೊಳಗೆ, ಕಳಿಸುವ ಹಾಗಿಲ್ಲ, ಚೆಂಡು ಮೊದಲು 5 ಮೀಟರ್ ಚಲಿಸಬೇಕು. ಅವರ ಡಿಫೆಂಡರ್‌ಗಳು ಪಾಸ್ ಯಾರಿಗೆ ಹೋಗುತ್ತದೆಂದು ಕಾಯುತ್ತಿದ್ದರು. ನಮ್ಮ ಏಳನೇ ನಂಬರಿನವಳು ಯಾರಿಗೂ ಕೊಡಲಿಲ್ಲ. ತಾನೇ ತಳ್ಳಿಕೊಂಡು ಐದು ಮೀಟರ್ ಓಡಿ ಒಳಗೆ ನುಗ್ಗಿಸಿದಳು, ಒಂಬತ್ತನೆಯವಳು ಸ್ಟಿಕ್ ತಾಗಿಸಿದಳು. ಎರಡು-ಒಂದು. ಆಗ ಉಳಿದದ್ದು ಒಂಬತ್ತು ನಿಮಿಷ.

ಆ ಒಂಬತ್ತು ನಿಮಿಷದ ಬಗ್ಗೆ ಇವತ್ತಿಗೂ ನಮ್ಮೊಳಗೆ ಜಗಳ ಉಂಟು. ಕ್ಯಾಪ್ಟನ್ ಫಾರ್ವರ್ಡ್‌ಗಳನ್ನೂ ಹಿಂದಕ್ಕೆ ಕರೆದಳು. ಒಂದು ಗೋಲು ಮುಂದಿರುವಾಗ ಅದೇ ಬುದ್ಧಿವಂತಿಕೆ ಅಂತ ಆಟೋ ಅಣ್ಣ ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಎಲ್ಲರೂ ಹಿಂದೆ ಬಂದರೆ ಹೊರಗೆ ಕಳಿಸಿದ ಚೆಂಡನ್ನು ಹಿಡಿಯಲಿಕ್ಕೆ ಮುಂದೆ ಯಾರೂ ಇರುವುದಿಲ್ಲ, ಅದು ಮತ್ತೆ ಮತ್ತೆ ವಾಪಸ್ ಬರುತ್ತದೆ, ದಣಿದ ಕಾಲಿಗೆ ಒಮ್ಮೆ ತಪ್ಪಾಗಿಯೇ ಆಗುತ್ತದೆ. ಹಾಗೆಯೇ ಆಯಿತು. ಮುಗಿಯಲಿಕ್ಕೆ ಕೆಲವು ಸೆಕೆಂಡು ಇರುವಾಗ ಸರ್ಕಲ್ ಒಳಗೆ ನಮ್ಮವಳೊಬ್ಬಳ ಕಾಲಿಗೆ ಚೆಂಡು ತಾಗಿತು. ಪೆನಾಲ್ಟಿ ಕಾರ್ನರ್.

ಹೊತ್ತು ಮುಗಿದ ವಿಸಿಲ್ ಆಯಿತು. ಪಕ್ಕದಲ್ಲಿದ್ದ ಪೋಸ್ಟ್‌ಮ್ಯಾನ್ ಮಾಮ ಎದ್ದು ಚಪ್ಪಾಳೆ ತಟ್ಟಿದರು. ನಾನು ಅವರ ಕೈ ಹಿಡಿದು ಕೂರಿಸಿದೆ. ಹಾಕಿಯಲ್ಲಿ ಸಮಯ ಮುಗಿದರೂ ಕೊಟ್ಟ ಪೆನಾಲ್ಟಿ ಕಾರ್ನರ್ ಪೂರ್ತಿಯಾಗಲೇಬೇಕು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಾಪಾಡುವ ತಂಡದ ಐದೇ ಮಂದಿ, ಗೋಲ್‌ಕೀಪರ್ ಸೇರಿ, ಗೋಲಿನ ಗೆರೆಯ ಹಿಂದೆ ನಿಲ್ಲಬೇಕು. ಉಳಿದ ಆರು ಮಂದಿ ನಡುಗೆರೆಯ ಆಚೆ. ಗೋಲುಕಂಬದಿಂದ 10 ಮೀಟರ್ ದೂರದ ಗುರುತಿನಿಂದ ಎದುರಾಳಿ ಚೆಂಡನ್ನು ಹೊರಗೆ ತಳ್ಳುತ್ತಾಳೆ. ಸರ್ಕಲ್‌ನ ತುದಿಯಲ್ಲಿ ಅದನ್ನು ನಿಲ್ಲಿಸುತ್ತಾರೆ, ಹೊಡೆಯುತ್ತಾರೆ. ಚೆಂಡಿನ ತೂಕ 160 ಗ್ರಾಂ ಹತ್ತಿರ, ಕಲ್ಲಿನಷ್ಟು ಗಟ್ಟಿ. ಚೆಂಡು ಹೊರಟ ಕ್ಷಣವೇ ಗೋಲಿನಿಂದ ಒಬ್ಬಳು ಹೊಡೆಯುವವಳ ಎದುರಿಗೇ ಓಡುತ್ತಾಳೆ. ಅವಳನ್ನು ಫಸ್ಟ್ ರಶರ್ ಅನ್ನುತ್ತಾರೆ. ಮುಖಕ್ಕೆ ಮಾಸ್ಕ್, ಮೊಣಗಂಟಿಗೆ ಪ್ಯಾಡ್, ಕೈಗೆ ಗ್ಲೌಸ್, ಅಷ್ಟೇ ರಕ್ಷಣೆ. ಹೊಡೆತದಿಂದ ತಪ್ಪಿಸಿಕೊಳ್ಳಲಿಕ್ಕೆ ಓಡುವವರನ್ನು ನೋಡಿದ್ದೇವೆ. ಇವಳು ಓಡುವುದು ಹೊಡೆತದ ಕಡೆಗೆ.

ನಮ್ಮ ಫಸ್ಟ್ ರಶರ್ ನಾಲ್ಕನೇ ನಂಬರಿನ ಹುಡುಗಿ. ಹದಿನೆಂಟು ವರ್ಷ, ಗಿಡ್ಡ ಮೈ, ಮಾತು ಕಡಿಮೆ. ಅವರು ಚೆಂಡನ್ನು ತಳ್ಳಿದರು, ನಿಲ್ಲಿಸಿದರು. ಹೊಡೆಯುವವಳ ಸ್ಟಿಕ್ ಮೇಲೆದ್ದಾಗ ನಾಲ್ಕನೆಯವಳು ಎರಡು ಮಾರು ದೂರದಲ್ಲಿದ್ದಳು. ನಿಲ್ಲಲಿಲ್ಲ, ತಿರುಗಲಿಲ್ಲ. ಪದವಿನಲ್ಲಿ ಕಲಿತ ಹಾಗೆಯೇ ಬಗ್ಗಿ ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿದಳು. ಚೆಂಡು ಸ್ಟಿಕ್ಕಿಗೆ ತಾಗಿ ಅವಳ ಮೊಣಗಂಟಿನ ಪಕ್ಕಕ್ಕೆ, ಪ್ಯಾಡ್ ಇಲ್ಲದ ಕಡೆಗೇ ಬಡಿಯಿತು. ವೇಗ ಸತ್ತ ಚೆಂಡು ಉರುಳಿಕೊಂಡು ಬಂತು. ಗೋಲ್‌ಕೀಪರ್ ಬದಿಗೆ ಒದ್ದಳು. ಕಂಬದ ಹತ್ತಿರ ನಿಂತವಳು, ಅದೇ ಹವ್ಯಕರ ಮನೆಯ ಹುಡುಗಿ, ಚೆಂಡನ್ನು ದೂಡಿದಳು. ಸರ್ಕಲ್‌ನಿಂದ 5 ಮೀಟರ್ ಆಚೆಯ ತುಂಡುಗೆರೆ ದಾಟಿತು. ಅಂಪೈರ್ ಕೈ ಎತ್ತಿದರು. ಈಗ ನಿಜವಾಗಿ ಮುಗಿಯಿತು. ಮಾಮ ಚಪ್ಪಾಳೆ ತಟ್ಟಲಿಲ್ಲ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು.

ಇದು ಬಚಾವಾದದ್ದಾ? ಸ್ಟಾಫ್ ರೂಮಿನಲ್ಲಿ ನಾನು ಒಂದು ಮಾತು ಕೇಳುವುದುಂಟು: ನಮ್ಮ ದೇಶದ ಹಾಕಿಯಲ್ಲಿ ನೀವು ನೆನಪಿಟ್ಟುಕೊಂಡ ಗೆಲುವು ಯಾವುದು? 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ ನೆದರ್ಲೆಂಡ್ಸ್ ಎದುರು ಎರಡು-ಒಂದು. ಆ ತಂಡದ ಗೋಲ್‌ಕೀಪರ್ ಮ್ಯಾನ್ಯುಯೆಲ್ ಫ್ರೆಡ್ರಿಕ್ ಇದೇ ಕಣ್ಣೂರಿನವರು, ಕೇರಳಕ್ಕೆ ಮೊದಲ ಒಲಿಂಪಿಕ್ ಪದಕ ತಂದವರು. 1975ರಲ್ಲಿ ಕೌಲಾಲಂಪುರದ ವಿಶ್ವಕಪ್ ಫೈನಲ್, ಪಾಕಿಸ್ತಾನದ ಎದುರು ಎರಡು-ಒಂದು. ಸುಳ್ಯ, ಸಂಪಾಜೆ ದಾಟಿದರೆ ಸಿಗುವ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. 1980ರ ಮಾಸ್ಕೋ ಚಿನ್ನ, ಸ್ಪೇನ್ ಎದುರು ನಾಲ್ಕು-ಮೂರು. ಅಲ್ಲಿಯೂ ಕೊಡಗಿನ ಎಂ.ಎಂ. ಸೋಮಯ್ಯ. 2021ರಲ್ಲಿ ಟೋಕಿಯೋದಲ್ಲಿ ಜರ್ಮನಿ ಎದುರು ಐದು-ನಾಲ್ಕು, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ಪೇನ್ ಎದುರು ಎರಡು-ಒಂದು. ಎಲ್ಲವೂ ಒಂದೇ ಗೋಲಿನವು, ಎಲ್ಲವೂ ಹೊರದೇಶದಲ್ಲಿ. ಬಚಾವಾದರು ಎಂದು ಯಾರೂ ಹೇಳುವುದಿಲ್ಲ.

ನಮ್ಮ ಹುಡುಗಿಯರಿಗೆ ಎಲ್ಲಕ್ಕಿಂತ ಹತ್ತಿರದ್ದು ಟೋಕಿಯೋದ ಇನ್ನೊಂದು ಪಂದ್ಯ. ಆಗಸ್ಟ್ 2ರಂದು ಕ್ವಾರ್ಟರ್ ಫೈನಲ್‌ನಲ್ಲಿ ಭಾರತದ ಮಹಿಳೆಯರು ಆಸ್ಟ್ರೇಲಿಯಾವನ್ನು ಒಂದು-ಸೊನ್ನೆಯಿಂದ ಸೋಲಿಸಿದರು. ಗುರ್ಜಿತ್ ಕೌರ್ ಗೋಲು ಹಾಕಿದ್ದು 22ನೇ ನಿಮಿಷದಲ್ಲಿ. ಉಳಿದ 38 ನಿಮಿಷ ಆಸ್ಟ್ರೇಲಿಯಾದ ದಾಳಿಯನ್ನು ಗೋಲ್‌ಕೀಪರ್ ಸವಿತಾ ಮತ್ತು ಅವರ ಮುಂದೆ ನಿಂತವರು ತಡೆದರು. ಗೋಲು ಹಾಕಿದವರ ಹೆಸರು ಸಿಕ್ಕಿತು, ಗೋಲ್‌ಕೀಪರ್ ಹೆಸರೂ ಸಿಕ್ಕಿತು. ಅವರ ನಡುವೆ ಓಡಿದವರು ಯಾರು? ಟೋಕಿಯೋದ ಗಂಡಸರ ಪಂದ್ಯದಲ್ಲಿ ಜರ್ಮನಿಯ ಕೊನೆಯ ಪೆನಾಲ್ಟಿ ಕಾರ್ನರ್ ಅನ್ನು ನಮ್ಮ ಕೇರಳದ ಗೋಲ್‌ಕೀಪರ್ ಶ್ರೀಜೇಶ್ ತಡೆದದ್ದು ಇಡೀ ಕೇರಳಕ್ಕೆ ಬಾಯಿಪಾಠ. ಫಸ್ಟ್ ರಶರ್ ಆಗಿ ಓಡುವ ಅಮಿತ್ ರೋಹಿದಾಸ್ ಹೆಸರನ್ನು ನಮ್ಮ ಊರಲ್ಲಿ ಎಷ್ಟು ಜನ ಹೇಳಿಯಾರು?

ನನ್ನ ಉತ್ತರ ಇದೇ. ಸ್ಕೋರ್ ಶೀಟಿನಲ್ಲಿ ಗೋಲು ಹಾಕಿದವರ ಹೆಸರು ಇರುತ್ತದೆ, ಕಾರ್ಡ್ ಸಿಕ್ಕಿದವರ ನಂಬರ್ ಇರುತ್ತದೆ. ಓಡಿ ಹೋಗಿ ಪೆಟ್ಟು ತಿಂದವಳಿಗೆ ಅಲ್ಲಿ ಒಂದು ಗೆರೆಯೂ ಇಲ್ಲ. ಐದು-ಸೊನ್ನೆಯ ಗೆಲುವನ್ನು ಶೀಟೇ ಹೇಳಿಬಿಡುತ್ತದೆ. ಎರಡು-ಒಂದರ ಗೆಲುವನ್ನು ಅಲ್ಲಿದ್ದವರು ಹೇಳದಿದ್ದರೆ ಅದು ಹಾಗೆಯೇ ಹೋಗುತ್ತದೆ. ಪೇಪರಿನಲ್ಲಿ ಎರಡು ಸಾಲು ಬಂದರೆ ನಮ್ಮ ಪುಣ್ಯ. ನಮ್ಮ ಕಡೆಯಿಂದ ನೋಡಿದವರು ಹನ್ನೆರಡೇ ಮಂದಿ. ನಾವು ಮಾತಾಡದೆ ಇನ್ಯಾರು ಮಾತಾಡಬೇಕು?

ವಾಪಸ್ ಬರುವಾಗ ಗಾಡಿಯಲ್ಲಿ ವಳಪಟ್ಟಣ ಹೊಳೆ ದಾಟುವ ಮೊದಲೇ ಮಾತು ಶುರುವಾಗಿತ್ತು. ಪಯ್ಯನ್ನೂರಿನಲ್ಲಿ ಪಳಂಪೊರಿ, ಚಾಯ. ಚೆರುವತ್ತೂರಿನಲ್ಲಿ ಗೋಲ್‌ಕೀಪರ್ ಕಿಟ್ ಹೆಗಲಿಗೇರಿಸಿ ಇಳಿದಳು. ಗಾಡಿ ಹೊರಡುವಾಗ ಪ್ಲಾಟ್‌ಫಾರ್ಮಿನಿಂದ "ಪಿರ! ರೈಟ್!" ಎಂದು ಕೂಗಿದಳು, ಇಡೀ ಬೋಗಿ ಅವಳಿಗೆ ವಾಪಸ್ ಕೂಗಿತು. ನಾಲ್ಕನೆಯವಳು ಕಿಟಕಿಯ ಬದಿಯಲ್ಲಿ ಮೊಣಗಂಟಿಗೆ ಐಸ್ ಇಟ್ಟುಕೊಂಡು ಕಣ್ಣು ಮುಚ್ಚಿದ್ದಳು.

ಚಂದ್ರಗಿರಿ ಹೊಳೆಯ ಸೇತುವೆ ದಾಟಿ ಕಾಸರಗೋಡು ಮುಟ್ಟುವಾಗ ಕತ್ತಲೆ. ಅವಳ ಅಮ್ಮ ಸ್ಟೇಷನ್ನಿಗೆ ಬಂದಿದ್ದರು, ಬೀಡಿ ಕಟ್ಟಿ ಮುಗಿಸಿ ನೇರ ಬಂದವರು. ಮಗಳು ಕುಂಟುವುದನ್ನು ನೋಡಿ ಓಡಿ ಬಂದರು. ಬಾತ ಕಾಲನ್ನು ಮುಟ್ಟಿ ನೋಡಿದರು. ಆಮೇಲೆ ಕೇಳಿದರು: "ಗೋಲು ಹಾಕಿದಿಯಾ ಮಗಾ?"

"ಇಲ್ಲಮ್ಮ," ಅಂದಳು, ತಲೆ ತಗ್ಗಿಸಿ.

ಆಟೋ ಅಣ್ಣ ನಡುವೆ ಬಾಯಿ ಹಾಕಿದರು. "ಅಕ್ಕ, ಹಾಗಲ್ಲ, ಕೇಳಿ ಇಲ್ಲಿ." ಮಾಮ ಸೇರಿಕೊಂಡರು. ನಾನು ನನ್ನ ಕೊಡೆಯನ್ನು ಸ್ಟಿಕ್ಕಿನ ಹಾಗೆ ನೆಲಕ್ಕೆ ಮಲಗಿಸಿ ತೋರಿಸಿದೆ. ಎಲ್ಲರೂ ಒಟ್ಟಿಗೆ ಹೇಳಲಿಕ್ಕೆ ಹೊರಟು ಯಾರದ್ದೂ ಕೇಳಿಸದ ಹಾಗಾಯಿತು. ಗಾಡಿ ಮಂಗಳೂರಿನ ಕಡೆ ಹೋಯಿತು, ಪ್ಲಾಟ್‌ಫಾರ್ಮ್ ಖಾಲಿಯಾಯಿತು. ಆ ತಾಯಿ ಮಗಳನ್ನು ಬೆಂಚಿನಲ್ಲಿ ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ನಮ್ಮ ಕಡೆ ತಿರುಗಿದರು.

"ಒಬ್ಬೊಬ್ಬರೇ ಹೇಳಿ," ಅಂದರು. "ಸುರುವಿಂದ ಹೇಳಿ."