ರಸ್ಕ್ ಪ್ಯಾಕಿಂಗ್ ಬರುತ್ತಿತ್ತು, ಬೆಳಿಗ್ಗೆ ಏಳಕ್ಕೆ ಬರಲಾಗುತ್ತಿರಲಿಲ್ಲ

ಬೆಂಗಳೂರಿನ ಒಂದು ಮಾನಸಿಕ ಪುನರ್ವಸತಿ ಕೇಂದ್ರದಲ್ಲಿ ಬೇಕರಿ ಕೆಲಸ ಕಲಿಸುತ್ತೇನೆ. ಕಲಿತವರಿಗೆ ಹೊರಗೆ ಕೆಲಸ ಹುಡುಕಿಕೊಡುವುದೂ ನನ್ನ ತಲೆಗೇ ಬಂದಿದೆ.

ನಮ್ಮಲ್ಲಿ ಒಬ್ಬ ಹುಡುಗ ಇದ್ದ. ಹುಡುಗ ಅಂದರೆ ಮೂವತ್ತೆಂಟು ವರ್ಷ. ಇಲ್ಲಿಗೆ ಬಂದವರೆಲ್ಲ ನಮಗೆ ಹುಡುಗರೇ, ಕೆಟ್ಟ ಅಭ್ಯಾಸ. ‘ಅವರು’ ಅಂತಲೇ ಬರೆಯುತ್ತೇನೆ. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ, ಹನ್ನೆರಡು ವರ್ಷದಿಂದ ಮಾತ್ರೆ. ರಸ್ಕ್ ಪ್ಯಾಕಿಂಗ್‌ನಲ್ಲಿ ಕೈ ಹೇಗೆ ಪಳಗಿತ್ತು ಅಂದರೆ, ತಕ್ಕಡಿಗೆ ಇಡುವ ಮೊದಲೇ 200 ಗ್ರಾಂ ಆಗಿರುತ್ತಿತ್ತು.

ಹೊರಗಿನ ಬೇಕರಿಯೊಂದಕ್ಕೆ ಸೇರಿಸಿದೆ. ಒಂಬತ್ತನೇ ದಿನ ಬಿಟ್ಟು ಬಂದರು. ‘ಸೋಂಬೇರಿ ಕಣ್ರೀ, ದಿನಾ ಲೇಟು’ ಅಂದರು ಮಾಲೀಕರು. ನಾನೂ ಒಳಗೊಳಗೇ ಹೌದೇನೋ ಅಂದುಕೊಂಡೆ. ಮತ್ತೆ ಮೂರು ತಿಂಗಳು ತರಬೇತಿ ಕೊಟ್ಟೆ. ಬರುವ ಕೆಲಸವನ್ನೇ!

ಒಂದಿನ ಅವರ ತಾಯಿ ಮಾತಿಗೆ ಮಾತು ಬಂದು ಹೇಳಿದರು: ‘ರಾತ್ರಿ ಹತ್ತಕ್ಕೆ ಮಾತ್ರೆ ತಗೋತಾನೆ ಮೇಡಂ. ಬೆಳಿಗ್ಗೆ ಮುಖಕ್ಕೆ ನೀರು ಚಿಮುಕಿಸಿದ್ರೂ ಏಳಲ್ಲ.’ ಆ ಬೇಕರಿ ಶಿಫ್ಟ್ ಏಳಕ್ಕೆ. ನಮ್ಮ ಕೇಂದ್ರ ಹತ್ತಕ್ಕೆ. ಈ ಕಾಯಿಲೆಗೆ ಕೊಡುವ ಓಲಾಂಜಪಿನ್‌ನಂಥ ಮಾತ್ರೆಯ ಮಂಪರು ಬೆಳಗಿನವರೆಗೂ ಬಿಡದೆ ಇರಬಹುದು ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿರಲಿಲ್ಲ.

ಡಾಕ್ಟರು ಮಾತ್ರೆಯ ಹೊತ್ತನ್ನು ರಾತ್ರಿ ಎಂಟಕ್ಕೆ ತಂದರು. ನಾನು ಹನ್ನೊಂದರಿಂದ ನಾಲ್ಕರವರೆಗಿನ ಕೆಲಸ ಹುಡುಕಿದೆ. ಈ ಸಲ ಎರಡು ವಾರ ಜೊತೆಗೇ ಹೋಗಿ ನಿಂತೆ. ಮೊದಲು ಕೆಲಸಕ್ಕೆ ಸೇರಿಸಿ, ಅಲ್ಲೇ ಕಲಿಸುವ ಪದ್ಧತಿ ಅಮೆರಿಕದಲ್ಲಿ 1990ರ ದಶಕದಿಂದಲೇ ಇದೆ. ನನಗೆ ಅದು ಅರ್ಥವಾಗಿದ್ದು ಬೆಲೆ ಚೀಟಿ ನೋಡಿ. ಉಗುರಗಲದ ಚೀಟಿ ಕಿತ್ತು ಅಂಟಿಸುವಾಗ ಅವರ ಬೆರಳು ನಡುಗುತ್ತಿತ್ತು, ಚೀಟಿ ಬೆರಳಿಗೇ ಮೆತ್ತಿಕೊಳ್ಳುತ್ತಿತ್ತು. ನಮ್ಮ ಕೇಂದ್ರದಲ್ಲಿ ಚೀಟಿ ಅಂಟಿಸುವ ಕೆಲಸವೇ ಇರಲಿಲ್ಲ, ಹೇಗೆ ಗೊತ್ತಾಗಬೇಕು? ಚೀಟಿ ಪಕ್ಕದವರಿಗೆ ಹೋಯಿತು, ತೂಕ ಇವರಿಗೆ ಬಂತು.

ಇನ್ನೊಂದು, ಅಂಗವಿಕಲತೆಯ ಸರ್ಟಿಫಿಕೇಟಿನ ವಿಚಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಟಿಫಿಕೇಟಿನಲ್ಲಿ ಅಂಗವಿಕಲತೆ 40 ಪರ್ಸೆಂಟ್ ಅಥವಾ ಜಾಸ್ತಿ ಅಂತ ಇದ್ದರೆ ಸರ್ಕಾರಿ ಕೆಲಸದ ಮೀಸಲಾತಿಗೂ ಅರ್ಜಿ ಹಾಕಬಹುದು. ಇವರು ಬೇಡವೇ ಬೇಡ ಅಂದರು. ‘ಅದನ್ನ ನೋಡಿದ್ರೆ ಅಂಗಡಿಯವರು ಒಳಗೆ ಬಿಡ್ತಾರಾ?’ ಹೊಸ ಮಾಲೀಕರಿಗೆ ಇವರನ್ನು ಕೇಳಿಕೊಂಡೇ ಒಂದು ಮಾತು ಹೇಳಿದೆ: ಮಾತ್ರೆ ತಗೋತಾರೆ, ಬೆಳಿಗ್ಗೆ ಬೇಗ ಆಗಲ್ಲ. ಕಾಯಿಲೆಯ ಹೆಸರು ಹೇಳಲಿಲ್ಲ.

ಮೂರನೇ ವಾರ, ಕೆಲಸಕ್ಕೆ ಸೇರಿದ್ದ ಇವರೇ ನನ್ನನ್ನು ಬಾಗಿಲಲ್ಲೇ ತಡೆದರು. ‘ಇನ್ನು ಬರಬೇಡಿ ಮೇಡಂ. ಇವರು ಯಾರು ಅಂತ ಎಲ್ಲ ಕೇಳ್ತಾ ಇದ್ದಾರೆ.’