ಹೋದ ವರ್ಷದ ಫ್ಲೂ ಇಂಜೆಕ್ಷನ್ ಈ ವರ್ಷಕ್ಕೆ ಸಾಲದೇ?

ಗಂಗಾವತಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಮಳೆಗಾಲ ಬಂತೆಂದರೆ ಈ ಪ್ರಶ್ನೆ ಗ್ಯಾರಂಟಿ: "ಯಣ್ಣಾ, ಹೋದ ವರ್ಷಾನೇ ಫ್ಲೂ ಇಂಜೆಕ್ಷನ್ ಹಾಕಿಸ್ಕೊಂಡೀನಿ, ಮತ್ಯಾಕ?"

ಫ್ಲೂ ವೈರಸ್ ತನ್ನ ಆರ್‌ಎನ್‌ಎ, ಅಂದರೆ ತನ್ನ ವಂಶವಾಹಿ, ನಕಲು ಮಾಡುವಾಗ ತಪ್ಪು ಮಾಡುತ್ತಲೇ ಇರುತ್ತದೆ, ತಿದ್ದಿಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ. ಮೈಮೇಲಿನ ಪ್ರೋಟೀನು ಹೀಗೆ ಬದಲಾದಾಗ ವೈರಸ್ಸನ್ನು ಹಿಡಿಯಲು ನಮ್ಮ ಮೈ ತಯಾರಿಸಿಟ್ಟ ಹಳೇ ಪ್ರತಿಕಾಯಗಳಿಗೆ ಅದರ ಗುರುತು ಸರಿಯಾಗಿ ಸಿಗುವುದಿಲ್ಲ. ಎಚ್3ಎನ್2 ಎಂಬ ಫ್ಲೂ ತಳಿಯಂತೂ ಹೀಗೆ ಬದಲಾಗುವುದರಲ್ಲಿ ಬಲು ಚುರುಕು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಗೆ ಯಾವ ತಳಿ ಬೇಕೆಂದು ವರ್ಷಕ್ಕೆ ಎರಡು ಸಲ ಹೇಳುತ್ತದೆ. ಲಸಿಕೆಯ ಬಲವೂ ತಿಂಗಳುಗಳು ಕಳೆದಂತೆ ಇಳಿಯುತ್ತದೆ ಅನ್ನಿ.

ನನಗೆ ಜಾಸ್ತಿ ಕುತೂಹಲ ಮಾತ್ರೆಯ ಕಥೆ. ಹೊಸ ವೈರಸ್‌ಗಳು ಜೀವಕೋಶದಿಂದ ಬಿಡಿಸಿಕೊಂಡು ಹೊರಡಲು ನ್ಯೂರಮಿನಿಡೇಸ್ ಎಂಬ ಕಿಣ್ವ ಬೇಕು. ಒಸೆಲ್ಟಮಿವಿರ್ ಎಂಬ ಫ್ಲೂ ಮಾತ್ರೆ ಅದನ್ನೇ ಕಟ್ಟಿಹಾಕುತ್ತದೆ. ಆದರೆ 2007-08ರಲ್ಲಿ ಆಗಿನ ಎಚ್1ಎನ್1 ತಳಿಯ ಆ ಕಿಣ್ವದಲ್ಲಿ ಎಚ್275ವೈ ಎಂಬ ಒಂದೇ ಒಂದು ಬದಲಾವಣೆ ಹರಡಿತು, ಮಾತ್ರೆ ಸೋತಿತು. ಮಾತ್ರೆ ಹೆಚ್ಚು ನುಂಗಿದ್ದಕ್ಕೆ ಹೀಗಾಯಿತು ಅಂದುಕೊಳ್ಳಬೇಡಿ. ಅಷ್ಟಾಗಿ ಬಳಸದ ನಾರ್ವೆಯಲ್ಲೇ ಅದು ಮೊದಲು ಎದ್ದು ಕಂಡಿದ್ದು! ಬಾಯಿಯಿಂದ ಉಸಿರಿನ ಜೊತೆ ಎಳೆದುಕೊಳ್ಳುವ ಜನಾಮಿವಿರ್ ಎಂಬ ಔಷಧಿ ಮಾತ್ರ ಆ ತಳಿಯ ಮೇಲೂ ಕೆಲಸ ಮಾಡುತ್ತಿತ್ತು. 2009ರಲ್ಲಿ ಬಂದ ಹಂದಿಜ್ವರದ ವೈರಸ್ ಹಳೇ ತಳಿಯನ್ನು ಓಡಿಸಿತು. ಈ ಹೊಸ ವೈರಸ್‌ಗೆ ಒಸೆಲ್ಟಮಿವಿರ್ ನಾಟಿತು, ಇನ್ನೂ ಹಳೆಯ ಫ್ಲೂ ಔಷಧಿ ಅಮಾಂಟಡಿನ್ ನಾಟಲಿಲ್ಲ.

ಒಸೆಲ್ಟಮಿವಿರ್ ಮಾತ್ರೆ ಜ್ವರ ಶುರುವಾದ ಎರಡು ದಿನದೊಳಗೆ ತಗೊಂಡರೇ ಹೆಚ್ಚು ಲಾಭ. ಡಾಕ್ಟರ್ ಚೀಟಿ ಇಲ್ಲದೆ ಸುಮ್ನೆ ಕೇಳಿದರೆ ಕೊಡಲ್ಲ. ಬೇಜಾರು ಮಾಡ್ಕೋಬೇಡಿ.